ಬಾವಿಯಲ್ಲಿ ಸಿಕ್ಕ ಹರಳುಗಳು: ಕಿಲೋ ಲೆಕ್ಕದಲ್ಲಿ ಕೊಡಬಹುದಾ?

ಪ್ರಶ್ನೆ: ಸರ್, ನಮ್ಮದು ಅಕ್ಕಲಕೋಟ ತಾಲೂಕು, ಮೈಂದರ್ಗಿ ಹತ್ತಿರ. ಈ ಬೇಸಿಗೆಯಲ್ಲಿ ಹಳೆ ಬಾವಿಯನ್ನು ಇನ್ನಷ್ಟು ಆಳ ಮಾಡಿಸಿದೆವು. ಮದ್ದು ಹಾಕಿ ಒಡೆದಾಗ ಕರಿಕಲ್ಲಿನ ನಡುವೆ ಅಲ್ಲಲ್ಲಿ ಪೊಳ್ಳು ಜಾಗ ಸಿಕ್ಕವು. ಒಳಗೆಲ್ಲ ಗಾಜಿನಂಥ ಹರಳು. ಕೆಲವು ತಿಳಿ ನೇರಳೆ ಬಣ್ಣ. ಕೆಲವಕ್ಕೆ ತಿಳಿ ಕೇಸರಿ ಬಣ್ಣದ ಪದರು ಪದರಾದ ಏನೋ ಅಂಟಿಕೊಂಡಿದೆ. ನಾಲ್ಕು ಮೂಲೆಯ, ಡಬ್ಬಿ ಆಕಾರದ ಹರಳುಗಳೂ ಇವೆ. ನಮ್ಮ ಕಾಕಾ ಇದು ವಜ್ರವೇ ಅಂತ ಒಂದನ್ನು ಸುತ್ತಿಗೆಯಲ್ಲಿ ಹೊಡೆದು ನೋಡಿದರು. ಎರಡು ಹೋಳಾಯಿತು. ಸೋಲಾಪುರದಿಂದ ಒಬ್ಬರು ಬಂದು, ಎಲ್ಲ ಸೇರಿಸಿ ಕಿಲೋಗೆ 80 ರೂಪಾಯಿ ಕೊಡುತ್ತೇನೆ, ಮೊದಲು ಆಸಿಡ್ ಹಾಕಿ ತೊಳೆದಿಡಿ ಅಂದರು. ಇವು ಏನು? ಕೊಟ್ಟುಬಿಡಬಹುದಾ? ಒಡೆದದ್ದನ್ನು ಅಂಟಿಸಬಹುದಾ?

ಉತ್ತರ: ಮೊದಲು ಆ ಆಸಿಡ್ ಬಾಟಲಿ ಎತ್ತಿಡಿ. ಮಿಕ್ಕಿದ್ದನ್ನು ನಿಧಾನಕ್ಕೆ ನೋಡೋಣ.

ಕಾಕಾ ಅವರಿಗೆ ಬೇಜಾರಾಗಬಹುದು, ಆದರೆ ಇದು ವಜ್ರ ಅಲ್ಲ. ನಿಮ್ಮ ಹರಳುಗಳನ್ನು ಕೈಯಲ್ಲಿ ಹಿಡಿಯದೆಯೇ ಇದನ್ನು ಹೇಳಬಹುದು, ಯಾಕೆಂದರೆ ನಿಮ್ಮ ಊರಿನ ಕೆಳಗಿರುವ ಕಲ್ಲೇ ಅದನ್ನು ಹೇಳುತ್ತದೆ. ನಮ್ಮ ದೇಶದಲ್ಲಿ ವಜ್ರ ಮೇಲೆ ಬಂದಿರುವುದು ಮುಖ್ಯವಾಗಿ ಕಿಂಬರ್ಲೈಟ್ ಮತ್ತು ಅದರ ಹತ್ತಿರದ ಜಾತಿಯ ಕಲ್ಲುಗಳಲ್ಲಿ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಅಂಥ ಕಲ್ಲಿದೆ. ಅಕ್ಕಲಕೋಟದ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಲಾವಾ ಅದು. ಡೆಕ್ಕನ್ ಟ್ರ್ಯಾಪ್ ಅನ್ನುವುದು ಇದಕ್ಕೇ. ಅದೂ ಅಲ್ಲದೆ ವಜ್ರ ಹೀಗೆ ಗೂಡಿನ ಗೋಡೆಗೆ ಸಾಲಾಗಿ ಅಂಟಿಕೊಂಡು ಬೆಳೆಯುವುದಿಲ್ಲ. ಬಿಡಿಬಿಡಿಯಾಗಿ ಸಿಗುತ್ತದೆ.

ಇನ್ನು ಸುತ್ತಿಗೆ ಪರೀಕ್ಷೆಯ ಮಾತು. ಹೊಡೆದರೆ ಒಡೆಯದೇ ಇರುವುದು ವಜ್ರ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಶುದ್ಧ ಸುಳ್ಳು. ವಜ್ರ ಗೀರಿಗೆ ಜಗ್ಗುವುದಿಲ್ಲ, ಆದರೆ ಪೆಟ್ಟಿಗೆ ಸೀಳುತ್ತದೆ. ಒಡೆಯಿತೋ ಇಲ್ಲವೋ ಅನ್ನುವುದರಿಂದ ವಜ್ರದ ಗುರುತು ಸಿಗುವುದಿಲ್ಲ, ಕಲ್ಲು ಮಾತ್ರ ಹಾಳು.

ಹಾಗಾದರೆ ಹರಳು ಅಲ್ಲಿಗೆ ಬಂದದ್ದು ಹೇಗೆ? ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲಕ್ಕೆ ಬಂದು, ಅಲ್ಲಿಯೇ ಸಿಕ್ಕಿಹಾಕಿಕೊಂಡಿತು. ಅದಕ್ಕೇ ಒಂದೊಂದು ಲಾವಾ ಪದರದ ಮೇಲ್ಭಾಗದಲ್ಲಿ ಪೊಳ್ಳು ಜಾಸ್ತಿ, ನಡುವಿನ ಗಟ್ಟಿ ಕಲ್ಲಿನಲ್ಲಿ ಕಡಿಮೆ. ಬಾವಿ ತೋಡುವವರಿಗೆ ಇದು ಕೈಯಿಂದಲೇ ಗೊತ್ತು. ಕರಿಮಣ್ಣು ಮುಗಿದು ಮುರುಮು ಬರುತ್ತದೆ, ಆಮೇಲೆ ಗಟ್ಟಿ ಕಲ್ಲು, ಕೆಲವು ಕಡೆ ನಡುವೆ ಕೆಂಪು ಮಣ್ಣಿನಂಥ ಒಂದು ಪಟ್ಟಿ, ಅದರ ಕೆಳಗೆ ಮತ್ತೆ ಗುಳ್ಳೆಗಲ್ಲು. ಆ ಗುಳ್ಳೆಗಳಿಗೆ ಖನಿಜ ಕರಗಿದ ನೀರು ಬಹಳ ಕಾಲ ಇಳಿಯಿತು. ಸಾಮಾನ್ಯವಾಗಿ ಗೋಡೆಗೆ ಮೊದಲು ಬೂದು-ನೀಲಿ ಬಣ್ಣದ ನಯವಾದ ಲೇಪ ಕೂರುತ್ತದೆ. ಅದು ಕ್ಯಾಲ್ಸೆಡನಿ. ಅದರ ಮೇಲೆ ಕ್ವಾರ್ಟ್ಸ್ ಹರಳು. ಅದರ ಮೇಲೆ ಬೇರೆ ಖನಿಜಗಳು. ಈ 'ಬೇರೆ'ಯ ಬಗ್ಗೆ ಕೆಳಗೆ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ನಿಮ್ಮ ದುಡ್ಡು ಇರುವುದು ಅಲ್ಲಿ.

ಕ್ವಾರ್ಟ್ಸ್ ಅಂದರೆ ನಮ್ಮ ಬೆಣಚುಕಲ್ಲೇ. ಮರಾಠಿಯವರ ಗಾರಗೋಟಿ. ಹರಳಾಗಿ ಬೆಳೆಯಲು ಜಾಗ ಸಿಕ್ಕಾಗ ಅದು ಸ್ಫಟಿಕ. ಗುರುತು ಹಿಡಿಯಲು ಮೊದಲು ಆಕಾರ ನೋಡಿ. ಆರು ಮುಖದ ಕಂಬ, ತುದಿಯಲ್ಲಿ ಆರು ಮುಖದ ಮೊನೆ. ಪೊಳ್ಳಿನಲ್ಲಿ ಬೆಳೆದ ಹರಳುಗಳಲ್ಲಿ ಕಂಬ ಗಿಡ್ಡ ಇರುತ್ತದೆ, ಎಷ್ಟೋ ಸಲ ಮೊನೆ ಮಾತ್ರ ಕಾಣುತ್ತದೆ. ಮುಖಗಳು ಒಂದು ದೊಡ್ಡದು, ಒಂದು ಸಣ್ಣದು ಇರಬಹುದು. ಆದರೆ ಕಂಬದ ಪಕ್ಕಪಕ್ಕದ ಎರಡು ಮುಖಗಳ ನಡುವಿನ ಕೋನ ಯಾವಾಗಲೂ 120 ಡಿಗ್ರಿ. ಕ್ವಾರ್ಟ್ಸ್ ಎಲ್ಲಿ ಬೆಳೆದರೂ ಇದು ಬದಲಾಗುವುದಿಲ್ಲ. 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೊಲಾಸ್ ಸ್ಟೆನೊ ಬರೆದಿಟ್ಟದ್ದು ಇದೇ ಸಂಗತಿ.

ಆಮೇಲೆ ಗೆರೆ ನೋಡಿ. ಹರಳನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕ್ವಾರ್ಟ್ಸ್ ಕಂಬದ ಮೇಲೆ ಸಣ್ಣ ಗೆರೆಗಳು ಅಡ್ಡಡ್ಡ ಇರುತ್ತವೆ. ನಿಮ್ಮ 'ಡಬ್ಬಿ' ಹರಳಿನಲ್ಲಿ ಗೆರೆಗಳು ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಇದ್ದರೆ ಅದು ಕ್ವಾರ್ಟ್ಸ್ ಅಲ್ಲ. ಬಹುಶಃ ಅಪೊಫಿಲೈಟ್ ಅನ್ನುವ ಬೇರೆ ಖನಿಜ. ಅದರ ಇನ್ನೊಂದು ಗುರುತು, ಪಕ್ಕದ ಮುಖಗಳು ಗಾಜಿನಂತೆ ಹೊಳೆಯುತ್ತವೆ, ಮೇಲಿನ ಚಪ್ಪಟೆ ಮುಖ ಮುತ್ತಿನಂತೆ ಮಿನುಗುತ್ತದೆ. ಪೆಟ್ಟು ಬಿದ್ದರೆ ಮುಚ್ಚಳ ತೆಗೆದ ಹಾಗೆ ಅಡ್ಡಕ್ಕೆ ನುಣ್ಣಗೆ ಸೀಳುತ್ತದೆ. ಕ್ವಾರ್ಟ್ಸ್ ಹಾಗೆ ಸೀಳುವುದಿಲ್ಲ, ಒಡೆದ ಬಾಟಲಿಯ ಅಂಚಿನಲ್ಲಿ ಕಾಣುವಂಥ ಬಾಗು ಬಾಗು ಅಲೆಗಳು ಬರುತ್ತವೆ. ಕಾಕಾ ಒಡೆದ ಹೋಳಿನಲ್ಲಿ ಯಾವುದು ಕಾಣುತ್ತಿದೆ ನೋಡಿ. ನುಣುಪಾದ ಚಪ್ಪಟೆ ಸೀಳು ಇದ್ದರೆ ಅವರು ಒಡೆದದ್ದು ನಿಮ್ಮ ರಾಶಿಯ ಒಳ್ಳೆ ಕಲ್ಲುಗಳಲ್ಲಿ ಒಂದು.

ಗೀರು ಪರೀಕ್ಷೆ ಮಾಡಬಹುದು, ಆದರೆ ಒಳ್ಳೆ ಹರಳಿನ ಮೇಲೆ ಚಾಕು ಎಳೆಯಬೇಡಿ. ಹೇಗೂ ಮದ್ದಿಗೆ ಪುಡಿಯಾದ ಚೂರುಗಳು ಇರುತ್ತವಲ್ಲ, ಅದರಲ್ಲಿ ಒಂದು ತೆಗೆದುಕೊಂಡು ಹಳೆ ಗಾಜಿನ ಬಾಟಲಿಯ ಮೇಲೆ ಎಳೆಯಿರಿ. ಕ್ವಾರ್ಟ್ಸ್‌ನ ಗಡಸುತನ 1ರಿಂದ 10ರ ಅಳತೆಯಲ್ಲಿ 7, ಗಾಜಿನದು ಸುಮಾರು 5.5. ಸುಲಭವಾಗಿ ಗೀರು ಬೀಳುತ್ತದೆ. ಬಿಳಿ ಗೆರೆ ಕಂಡ ತಕ್ಷಣ ನಂಬಬೇಡಿ, ಬೆರಳಿನಿಂದ ಒರೆಸಿ. ಒರೆಸಿದರೆ ಹೋದರೆ ಅದು ಹರಳಿನದೇ ಪುಡಿ, ಅಂದರೆ ಹರಳು ಗಾಜಿಗಿಂತ ಮೆತ್ತಗೆ. ಅಪೊಫಿಲೈಟ್ 4.5ರಿಂದ 5, ಗಾಜನ್ನು ಗೀರುವುದಿಲ್ಲ. ಕ್ಯಾಲ್ಸೈಟ್ ಅನ್ನುವ ಸುಣ್ಣದ ಖನಿಜ ಬರೀ 3, ಚಾಕು ತಾಗಿದರೆ ಸಾಕು. ಕ್ಯಾಲ್ಸೈಟ್ ಅನುಮಾನ ಇದ್ದರೆ ಅದರ ಚೂರನ್ನು ಪುಡಿ ಮಾಡಿ ನಿಂಬೆರಸ ಹಿಂಡಿ. ಗುಳ್ಳೆ ಏಳುತ್ತವೆ. ಕ್ವಾರ್ಟ್ಸ್ ಪುಡಿ ಸುಮ್ಮನೆ ಕೂತಿರುತ್ತದೆ.

ಬಿಡಿ ಹರಳು ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಕಲ್ಲಿಗೆ ಏನೂ ಆಗುವುದಿಲ್ಲ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಹರಳನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ಹರಳಿಗೆ ದಾರ ಕಟ್ಟಿ, ತಳ-ಗೋಡೆಗೆ ತಾಗದಂತೆ, ಪೂರ್ತಿ ಮುಳುಗುವಂತೆ ಆ ನೀರಿನಲ್ಲಿ ತೂಗುಬಿಡಿ. ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. ಹರಳು 53 ಗ್ರಾಂ ಇದ್ದು, ನೀರಿನ ಅಂಕಿ 20 ಬಂದರೆ 2.65. ಅದು ಕ್ವಾರ್ಟ್ಸ್. ಅಪೊಫಿಲೈಟ್‌ಗೆ 2.35ರ ಆಸುಪಾಸು ಬರುತ್ತದೆ. ವಜ್ರ, ಟೋಪಾಜ್ ಎರಡಕ್ಕೂ ಸುಮಾರು 3.5. ಕಾಕಾ ಅವರಿಗೆ ನಂಬಿಕೆ ಬರಬೇಕೆಂದರೆ ಅವರ ಕೈಯಲ್ಲೇ ಇದನ್ನು ಮಾಡಿಸಿ. ಹರಳು ತೀರಾ ಸಣ್ಣದಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ, ಅಡುಗೆಮನೆ ತಕ್ಕಡಿಗೆ ಅಷ್ಟು ಸೂಕ್ಷ್ಮ ಇಲ್ಲ.

ಗಾಜು ಯಾವುದು, ಸ್ಫಟಿಕ ಯಾವುದು ಅಂತ ಗುರುತಿಸುವುದು ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ದೇವಸ್ಥಾನದ ಊರುಗಳಲ್ಲಿ ಸ್ಫಟಿಕ ಮಾಲೆ, ಸ್ಫಟಿಕ ಲಿಂಗ ಅಂತ ಗಾಜನ್ನು ಮಾರುವುದು ಹೊಸದೇನಲ್ಲ. ಒಳಗೆ ದುಂಡನೆಯ ಗಾಳಿ ಗುಳ್ಳೆ ಕಂಡರೆ ಗಾಜು ಅಂತಲೇ ತಿಳಿಯಿರಿ.

ಈಗ ನಿಮ್ಮ ನೇರಳೆ ಕಲ್ಲು. ಅದು ಅಮೆಥಿಸ್ಟ್, ಅಂದರೆ ಕ್ವಾರ್ಟ್ಸ್‌ನಲ್ಲಿ ಒಂದಿಷ್ಟು ಕಬ್ಬಿಣದ ಅಂಶ ಸೇರಿ, ಸುತ್ತಲಿನ ಕಲ್ಲಿನ ಸಹಜ ವಿಕಿರಣ ತಾಗಿ ಬಂದ ಬಣ್ಣ. ಹೆಸರು ಕೇಳಿದ ತಕ್ಷಣ ಆಸೆ ಏಳುತ್ತದೆ. ಆದರೆ ನಮ್ಮ ಬಸಾಲ್ಟ್ ಪೊಳ್ಳುಗಳ ಅಮೆಥಿಸ್ಟ್ ಹೆಚ್ಚಾಗಿ ತಿಳಿ ಬಣ್ಣದ್ದು. ಬ್ರೆಜಿಲ್, ಉರುಗ್ವೆ ದೇಶಗಳಿಂದ ಕಡು ನೇರಳೆ ಬಣ್ಣದ ದೊಡ್ಡ ದೊಡ್ಡ ಗೂಡುಗಳು ಮಾರುಕಟ್ಟೆಗೆ ಬಂದು ಬೀಳುತ್ತವೆ. ಅದರ ಮುಂದೆ ತಿಳಿ ಬಣ್ಣಕ್ಕೆ ಕತ್ತರಿಸುವವರು ಬೆಲೆ ಕೊಡುವುದಿಲ್ಲ. ನಿಮ್ಮದರಲ್ಲಿ ಬಣ್ಣ ಕಡುವಾಗಿದ್ದು, ಹರಳಿನ ಹಿಂದೆ ಇಟ್ಟ ಅಕ್ಷರ ಓದುವಷ್ಟು ತಿಳಿಯಾಗಿದ್ದರೆ ಮಾತ್ರ ಆಭರಣದ ಲೆಕ್ಕ. ಇಲ್ಲವಾದರೆ ಅದು ಶೋಕೇಸ್ ಕಲ್ಲು. ಅದಕ್ಕೂ ಗಿರಾಕಿ ಇದ್ದಾರೆ. ಏನೇ ಆಗಲಿ ಅಂಗಳದ ಬಿಸಿಲಿಗೆ ಒಣಗಲು ಇಡಬೇಡಿ. ಬಹುದಿನ ಬಿಸಿಲು ಬಿದ್ದರೆ ನೇರಳೆ ಮಂಕಾಗುತ್ತದೆ. ಕಾಯಿಸಿದರೆ ಹಳದಿಯಾಗುತ್ತದೆ. ಪೇಟೆಯಲ್ಲಿ ಸಿಟ್ರಿನ್ ಅಂತ ಮಾರುವ ಹಳದಿ ಹರಳಿನಲ್ಲಿ ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟೇ.

ಕೇಸರಿ ಬಣ್ಣದ ಪದರು ಪದರಾದದ್ದು ಇದೆಯಲ್ಲ, ಅದನ್ನು ನೀವು ಕೊಳೆ ಅಂತ ಅಂದುಕೊಂಡಿರಬಹುದು. ಜೋಳದ ಸಿವುಡನ್ನು ನಡುವೆ ಕಟ್ಟಿದಾಗ ಎರಡೂ ತುದಿ ಅಗಲವಾಗುತ್ತದಲ್ವಾ, ಆ ಆಕಾರ ಇದ್ದರೆ ಅದು ಸ್ಟಿಲ್‌ಬೈಟ್. ಒಳಗೆ ನೀರಿನ ಅಂಶ ಇರುವ ಜಿಯೊಲೈಟ್ ಗುಂಪಿನ ಖನಿಜ. ಅಪೊಫಿಲೈಟ್ ಆ ಗುಂಪಿಗೆ ಸೇರಿದ್ದಲ್ಲ, ಆದರೂ ಅವುಗಳ ಜೊತೆಗೇ ಸಿಗುತ್ತದೆ. ಕ್ವಾರ್ಟ್ಸ್ ಲೋಕದ ಎಲ್ಲ ಕಡೆ ಇದೆ. ಆದರೆ ಇಷ್ಟು ದೊಡ್ಡ, ಚೆಂದದ ಸ್ಟಿಲ್‌ಬೈಟ್, ಅಪೊಫಿಲೈಟ್, ಸ್ಕೊಲೆಸೈಟ್‌ಗಳಿಗೆ ಡೆಕ್ಕನ್ ಟ್ರ್ಯಾಪ್ ಜಗತ್ತಿನಲ್ಲೇ ಹೆಸರುವಾಸಿ. ಪುಣೆ, ನಾಸಿಕ್, ಜಳಗಾಂವ್ ಕಡೆಯ ಕ್ವಾರಿ, ಬಾವಿಗಳಲ್ಲಿ ಸಿಕ್ಕ ಕಲ್ಲುಗಳು ದೊಡ್ಡ ದೊಡ್ಡ ಮ್ಯೂಸಿಯಂ ಸೇರಿವೆ. ಪುಣೆ ಹತ್ತಿರದ ವಾಘೋಲಿಯ ನೀಲಿ ಕ್ಯಾವನ್ಸೈಟ್‌ಗೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಅಮೆರಿಕದ ಟೂಸಾನ್‌ನಲ್ಲಿ ಪ್ರತಿ ವರ್ಷ ನಡೆಯುವ ಖನಿಜ ಮೇಳದಲ್ಲಿ ನಮ್ಮ ಈ ಕರಿಕಲ್ಲಿನ ಹರಳುಗಳು ಮೇಜಿನ ಮೇಲೆ ಕೂತಿರುತ್ತವೆ. ನಿಮಗೆ ಅಷ್ಟು ದೂರ ಬೇಡ. ನಾಸಿಕ್ ಜಿಲ್ಲೆಯ ಸಿನ್ನರ್‌ನಲ್ಲಿ ಗಾರಗೋಟಿ ಅನ್ನುವ ಖನಿಜ ಮ್ಯೂಸಿಯಂ ಇದೆ. ಶಿರ್ಡಿಗೆ ಹೋಗುವ ಪ್ಲಾನ್ ಇದ್ದರೆ ಒಂದು ಸುತ್ತು ಹಾಕಿ ಬನ್ನಿ. ಅಲ್ಲಿ ನೋಡಿದ ಮೇಲೆ ನಿಮ್ಮ ರಾಶಿ ಬೇರೆಯೇ ಥರ ಕಾಣುತ್ತದೆ.

ಆಸಿಡ್ ಬೇಡ ಅಂದದ್ದು ಇದಕ್ಕೇ. ಕಕ್ಕಸು ತೊಳೆಯುವ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಕ್ವಾರ್ಟ್ಸ್‌ಗೆ ಅದು ಏನೂ ಮಾಡುವುದಿಲ್ಲ. ಕ್ಯಾಲ್ಸೈಟ್ ಅನ್ನು ಕಣ್ಣೆದುರೇ ತಿಂದು ಹಾಕುತ್ತದೆ. ಸ್ಟಿಲ್‌ಬೈಟ್, ಅಪೊಫಿಲೈಟ್‌ಗಳ ಹೊಳಪು ಹೋಗಿ ಸುಣ್ಣದಂತೆ ಮಂಕಾಗುತ್ತವೆ. ಬಂದವರು ಗೊತ್ತಿದ್ದು ಹೇಳಿದರೋ, ಗೊತ್ತಿಲ್ಲದೆ ಹೇಳಿದರೋ, ಬಿಡಿ. ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೆ ಹೊಳಪಿನ ಚಿಂತೆ ಇರುವುದಿಲ್ಲ.

ತೊಳೆಯುವ ಕ್ರಮ ಸರಳ. ಬಾವಿಯಿಂದ ತೆಗೆದ ಕಲ್ಲನ್ನು ನೆರಳಲ್ಲಿ, ಗೋಣಿಚೀಲದ ಮೇಲೆ, ತಾನಾಗಿ ಒಣಗಲು ಬಿಡಿ. ಆಮೇಲೆ ನೀರಲ್ಲಿ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಪಾತ್ರೆ ಸೋಪು. ಜಿಯೊಲೈಟ್ ಇರುವ ಕಲ್ಲಿಗೆ ಬ್ರಷ್ ಕೂಡ ಬೇಡ, ನೀರು ಹಾಯಿಸಿದರೆ ಸಾಕು. ಬಿಸಿನೀರು, ಒಲೆ ಪಕ್ಕ ಒಣಗಿಸುವುದು ಎರಡೂ ಬೇಡ. ಈ ಖನಿಜಗಳ ಒಳಗೇ ನೀರಿದೆ, ಕಾಯಿಸಿದರೆ ಪದರು ಬಿಡುತ್ತವೆ.

ಕ್ವಾರ್ಟ್ಸ್ ಒಂದೇ ಇರುವ ಕಲ್ಲಿಗೆ ತುಕ್ಕಿನ ಕೆಂಪು ಹಿಡಿದಿದ್ದರೆ ಆಕ್ಸಾಲಿಕ್ ಆಸಿಡ್ ಕೆಲಸ ಮಾಡುತ್ತದೆ. ಪುಡಿಯಾಗಿ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್, ಕೈಗೆ ರಬ್ಬರ್ ಗ್ಲೌಸ್, ಮನೆಯ ಹೊರಗೆ. ಕುದಿಸಲೇಬಾರದು. ಇದು ವಿಷ, ಮಕ್ಕಳು, ದನಕರು ಸುಳಿಯದ ಜಾಗ ಇರಲಿ. ಒಂದು ಸಂಗತಿ ಯಾರೂ ಹೇಳುವುದಿಲ್ಲ. ಸೋಲಾಪುರ ಕಡೆಯ ಬಾವಿ ನೀರು ಗಡಸು. ಅದರ ಸುಣ್ಣದ ಅಂಶ ಆಕ್ಸಾಲಿಕ್ ಜೊತೆ ಸೇರಿ ಹರಳಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಮುಗಿದ ಮೇಲೆ ಬಕೆಟ್ಟಿನ ನೀರಿಗೆ ಗುಳ್ಳೆ ನಿಲ್ಲುವ ತನಕ ವಾಷಿಂಗ್ ಸೋಡಾ ಹಾಕಿ ಚೆಲ್ಲಿ. ಬಾವಿ, ಹಳ್ಳದ ಹತ್ತಿರ ಮಾತ್ರ ಬೇಡ.

ಇನ್ನು ಬೆಲೆ. ಕ್ವಾರ್ಟ್ಸ್ ಅನ್ನುವ ವಸ್ತುವಿಗೆ ಬೆಲೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬೆಲೆ ಇರುವುದು ತುದಿಗೆ. ಮೊನೆ ಮುರಿಯದೆ, ಅಂಚಿನಲ್ಲಿ ಚಕ್ಕೆ ಏಳದೆ, ಮುಖ ಹೊಳೆಯುತ್ತಿರುವ ಹರಳಿಗೆ. ಕಲ್ಲು ಎತ್ತಿಕೊಂಡ ಕೂಡಲೇ ಸಂಗ್ರಹಕಾರರು ನೋಡುವುದು ಅದನ್ನೇ. ಎದ್ದು ನಿಂತ ದೊಡ್ಡ ಹರಳಿನ ತುದಿ ಹೋಗಿದ್ದರೆ ಪಕ್ಕದ ಇಪ್ಪತ್ತು ಸಣ್ಣ ಹರಳು ಚೆನ್ನಾಗಿದ್ದರೂ ಕಲ್ಲು ಬಿದ್ದುಹೋಗುತ್ತದೆ. ಬಾವಿ ಕಲ್ಲುಗಳ ಕಷ್ಟ ಇರುವುದೇ ಇಲ್ಲಿ. ಮದ್ದಿನ ಪೆಟ್ಟಿಗೆ ಹರಳುಗಳು ಬುಡದಲ್ಲೇ ಬಿರುಕು ಬಿಟ್ಟಿರುತ್ತವೆ. ಅದಕ್ಕೇ ಪೂರ್ತಿ ಉಳಿದ ಒಂದು ತುಂಡು ಸಿಕ್ಕರೆ ಅದಕ್ಕೆ ಮರ್ಯಾದೆ ಜಾಸ್ತಿ. ಬಣ್ಣ, ಗಾತ್ರ ಆಮೇಲಿನ ಮಾತು. ತೂಕ ಕೊನೆಗೆ.

ಒಂದು ಮಧ್ಯಾಹ್ನ ಕೂತು ರಾಶಿಯನ್ನು ಮೂರು ಭಾಗ ಮಾಡಿ. ತುದಿ ಮುರಿದ, ಮಂಕಾದ ಕ್ವಾರ್ಟ್ಸ್ ಒಂದು ಕಡೆ. ಇದಕ್ಕೆ 80 ರೂಪಾಯಿ ಅನ್ಯಾಯದ ರೇಟ್ ಅಂತ ನಾನು ಹೇಳುವುದಿಲ್ಲ, ಕೊಟ್ಟುಬಿಡಿ. ಹರಳು ಚೆನ್ನಾಗಿದ್ದು, ಕೈಯಲ್ಲಿ ಹಿಡಿಯುವ ಗಾತ್ರದ, ಮೇಜಿನ ಮೇಲೆ ತಾನಾಗಿ ನಿಲ್ಲುವ ಕ್ವಾರ್ಟ್ಸ್, ನೇರಳೆ ತುಂಡುಗಳು ಇನ್ನೊಂದು ಕಡೆ. ಇವನ್ನು ತುಂಡಿಗೆ ಇಷ್ಟು ಅಂತ ಮಾತಾಡಿ. ಅಪೊಫಿಲೈಟ್, ಸ್ಟಿಲ್‌ಬೈಟ್ ಇರುವುದೆಲ್ಲ ಮೂರನೇ ಕಡೆ. ಕ್ವಾರ್ಟ್ಸ್ ಮೇಲೆ ಈ ಎರಡೂ ಒಟ್ಟಿಗೆ ಕೂತಿರುವ ತುಂಡು ಇದ್ದರೆ ಅದು ರಾಶಿಯ ರಾಜ. ಸುತ್ತಲಿನ ಕರಿಕಲ್ಲನ್ನು ಒಡೆದು ಬಿಡಿಸಲು ಹೋಗಬೇಡಿ. ಹರಳು ಅದು ಹುಟ್ಟಿದ ಕಲ್ಲಿನ ಮೇಲೇ ಇದ್ದರೆ ಚೆಂದ, ಬೆಲೆಯೂ ಅದಕ್ಕೇ. ಈ ಮೂರನೇ ಗುಂಪಿನ ಒಂದು ತುಂಡನ್ನೂ ಕಿಲೋ ಲೆಕ್ಕದಲ್ಲಿ ಕೊಡಬೇಡಿ.

ಮಾರುವ ಮೊದಲು ಫೋಟೊ ತೆಗೆಯಿರಿ. ಮೋಡದ ದಿನದ ಬೆಳಕು ಒಳ್ಳೆಯದು, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಪ್ರತಿ ತುಂಡಿಗೂ ಒಂದು ಚೀಟಿ ಅಂಟಿಸಿ. ಊರು, ತಾಲೂಕು, ಬಾವಿಯ ಎಷ್ಟು ಅಡಿ ಆಳ, ಯಾವ ತಿಂಗಳು. ನಮ್ಮ ಜನ ಇದನ್ನು ಮಾಡುವುದೇ ಇಲ್ಲ. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಕಲ್ಲು ಸಂಗ್ರಹಕಾರರಿಗೆ ಅರ್ಧ ಕಲ್ಲು. ಪುಣೆ, ನಾಸಿಕ್ ಕಡೆ ಖನಿಜ ವ್ಯಾಪಾರಿಗಳು ಇದ್ದಾರೆ. ಕಡಿಮೆ ಅಂದರೂ ಮೂವರಿಗೆ ಅದೇ ಫೋಟೊ ಕಳಿಸಿ, ತುಂಡಿನ ಬೆಲೆ ಕೇಳಿ. ಮೂವರೂ ಒಂದೇ ತುಂಡನ್ನು ಮೊದಲು ಕೇಳಿದರೆ ಅದನ್ನು ಆ ದಿನ ಕೊಡಬೇಡಿ. ಹಾಗಂತ ಬಾವಿಯ ಖರ್ಚೆಲ್ಲ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಲೂ ಬೇಡಿ. ಎಲ್ಲ ಬಾವಿಯಲ್ಲೂ ಮ್ಯೂಸಿಯಂ ಕಲ್ಲು ಇರುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕ್ವಾರ್ಟ್ಸ್ ಅನ್ನು 2015ರಲ್ಲಿ ಕೇಂದ್ರ ಸರ್ಕಾರ ಕಿರು ಖನಿಜಗಳ, ಅಂದರೆ ನಿಯಮ ರಾಜ್ಯದ ಕೈಯಲ್ಲಿರುವ ಖನಿಜಗಳ, ಪಟ್ಟಿಗೆ ಸೇರಿಸಿತ್ತು. 2025ರ ಫೆಬ್ರವರಿಯಲ್ಲಿ ಫೆಲ್ಡ್‌ಸ್ಪಾರ್, ಮೈಕಾ, ಬರೈಟ್ ಜೊತೆ ಅದನ್ನು ಮತ್ತೆ ಪ್ರಧಾನ ಖನಿಜ ಮಾಡಿದೆ. ಬಾವಿ ತೋಡುವಾಗ ಸಿಕ್ಕ ನಾಲ್ಕು ಕಲ್ಲು ಒಂದು ಮಾತು, ಅದಕ್ಕೋಸ್ಕರವೇ ಹೊಲ ಅಗೆದು ಟ್ರ್ಯಾಕ್ಟರ್‌ನಲ್ಲಿ ಸಾಗಿಸುವುದು ಬೇರೆ ಮಾತು. ಎರಡನೆಯದಕ್ಕೆ ಪರವಾನಗಿ ಬೇಕು. ಯಾರಾದರೂ 'ಇನ್ನೂ ಅಗೆಯಿರಿ, ಎಲ್ಲ ನಾವು ಒಯ್ಯುತ್ತೇವೆ' ಅಂದರೆ ಮೊದಲು ಸೋಲಾಪುರ ಕಲೆಕ್ಟರ್ ಕಚೇರಿಯ ಗಣಿ ವಿಭಾಗದಲ್ಲಿ ಕೇಳಿಕೊಂಡು ಬನ್ನಿ. ಬಾವಿ ಗೋಡೆಯಲ್ಲಿ ಉಳಿದ ಪೊಳ್ಳನ್ನು ಕೆದಕಲು ನೀವೇ ಹಗ್ಗ ಹಿಡಿದು ಇಳಿಯಬೇಡಿ. ಮದ್ದು ಹೊಡೆದ ಗೋಡೆ ಸಡಿಲ ಇರುತ್ತದೆ.

ಕೊನೆಗೆ ಒಡೆದ ಹೋಳು. ನೀವು ಅಂಟಿಸಬೇಡಿ. ಮನೆಯ ಫೆವಿಕ್ವಿಕ್ ಹಾಕಿದರೆ ಅಂಟು ಅಂಚಿನಿಂದ ಹೊರಗೆ ಬಂದು ಬಿಳಿಯಾಗಿ ಕೂರುತ್ತದೆ. ಅಂಟಿಸಿದ್ದನ್ನು ಮುಚ್ಚಿಟ್ಟು ಮಾರಲೂ ಆಗುವುದಿಲ್ಲ. ಎಷ್ಟೋ ಅಂಟುಗಳು ಯುವಿ ಟಾರ್ಚ್ ಬೆಳಕಿಗೆ ಹೊಳೆಯುತ್ತವೆ, ಅನುಭವ ಇರುವ ವ್ಯಾಪಾರಿಯ ಜೇಬಿನಲ್ಲಿ ಆ ಟಾರ್ಚ್ ಇದ್ದೇ ಇರುತ್ತದೆ. ಎರಡೂ ಹೋಳನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ ಒಂದೇ ಡಬ್ಬಿಯಲ್ಲಿಡಿ. ಒಡೆದ ಮುಖಗಳು ಒಂದಕ್ಕೊಂದು ಉಜ್ಜದಿದ್ದರೆ ಸಾಕು. ಅದು ಅಪೊಫಿಲೈಟೇ ಆಗಿದ್ದರೆ, ಹೋಳಾಗಿದೆ ಅಂತ ಮೊದಲೇ ಹೇಳಿ ತೋರಿಸಿ. ತಾವೇ ಸರಿಯಾಗಿ ಕೂಡಿಸಿಕೊಳ್ಳುತ್ತೇವೆ ಅಂತ ಕೊಳ್ಳುವವರು ಇದ್ದಾರೆ.